ಮಡಿಕೆ ಮಾಡುವ ಕೆಲಸ

ಶಾಲೆಗಳಲ್ಲಿ ಆರೋಗ್ಯದ ಪಾಠವೆಂದರೆ ಬಹುಕಾಲ ಉಪದೇಶಗಳ ಪಟ್ಟಿಯೇ ಆಗಿತ್ತು. ಉಗುರು ಕತ್ತರಿಸಬೇಕು, ಊಟಕ್ಕೆ ಮುಂಚೆ ಕೈ ತೊಳೆಯಬೇಕು, ಸೊಪ್ಪು ತರಕಾರಿ ತಿನ್ನಬೇಕು ಎಂಬ ವಾಕ್ಯಗಳನ್ನು ಮಕ್ಕಳು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಮನೆಗೆ ಬಂದು ಕೈ ತೊಳೆಯದೆಯೇ ಊಟಕ್ಕೆ ಕೂರುತ್ತಿದ್ದರು. ಈ ಒಣ ಪಾಠಕ್ಕೆ ಮದ್ದೆಂಬಂತೆ ಚಟುವಟಿಕೆ ಆಧಾರಿತ ಕಲಿಕೆ ಬಂದಿತು. ಅದರ ಅತ್ಯಂತ ಅಗ್ಗದ ರೂಪವಾಗಿ ಕಾಗದ ಮಡಿಸುವ ಕೆಲಸ ಆರೋಗ್ಯದ ತರಗತಿಯೊಳಕ್ಕೂ ಕಾಲಿಟ್ಟಿತು. ಹಲ್ಲಿನ ಆಕಾರದ ಕಿರುಪುಸ್ತಿಕೆ, ಬಾಗಿಲು ತೆರೆದರೆ ಜೀವಸತ್ವಗಳ ಹೆಸರು ಕಾಣುವ ಕಾಗದದ ಮನೆ, ಪದರ ಬಿಚ್ಚಿದಂತೆ ಒಂದೊಂದು ಒಳ್ಳೆಯ ಅಭ್ಯಾಸ ಹೊರಬೀಳುವ ಬೀಸಣಿಗೆ, ಮನಸ್ಸಿನ ನೆಮ್ಮದಿಗೆಂದು ಕಾಗದದ ಕೊಕ್ಕರೆ, ಇವೆಲ್ಲದರ ಹಿಂದಿರುವ ನಂಬಿಕೆ ಒಂದೇ: ಕೈ ಮಾಡಿದ್ದನ್ನು ಮನಸ್ಸು ಮರೆಯುವುದಿಲ್ಲ, ಆದ್ದರಿಂದ ಆರೋಗ್ಯದ ಸಂಗತಿಯೊಂದನ್ನು ಕಾಗದದ ಮಡಿಕೆಗೆ ಸೇರಿಸಿದರೆ ಅದು ಮಗುವಿನಲ್ಲಿ ನಿಲ್ಲುತ್ತದೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ.

ನಂಬಿಕೆಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಕೊರತೆಯಿಲ್ಲದೆ ಹೇಳುವುದು ನ್ಯಾಯ. ಕರ್ನಾಟಕಕ್ಕೆ ಚಟುವಟಿಕೆಯ ಮೂಲಕ ಕಲಿಯುವುದು ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲ್ಗೊಂಡ ನಲಿ-ಕಲಿ ಪದ್ಧತಿಯು, ಮಗು ಸುಮ್ಮನೆ ಕೂತು ಕೇಳುವ ಪಾತ್ರೆಯಲ್ಲ ಎಂಬುದನ್ನು ಸರ್ಕಾರಿ ಶಾಲೆಯ ನೆಲದ ಮೇಲೆಯೇ ತೋರಿಸಿಕೊಟ್ಟಿತು. 2020ರ ಫೆಬ್ರವರಿಯಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಆರಿಸಿ, ಪೋಷಣೆ, ಭಾವನಾತ್ಮಕ ಆರೋಗ್ಯ, ದುಶ್ಚಟಗಳಿಂದ ದೂರವಿರುವುದು ಮೊದಲಾದ 11 ವಿಷಯಗಳನ್ನು ಚಟುವಟಿಕೆಗಳ ಮೂಲಕವೇ ಕಲಿಸಬೇಕೆಂದು ಬಯಸುತ್ತದೆ. ಅಂಥ ಶಿಕ್ಷಕರ ಕೈಯಲ್ಲಿ ಪ್ರಯೋಗಾಲಯವಿಲ್ಲ, ಮಾದರಿಗಳಿಲ್ಲ, ಅನೇಕ ಕಡೆ ಪ್ರೊಜೆಕ್ಟರೂ ಇಲ್ಲ; ಹಾಳೆ ಮಾತ್ರ ಎಲ್ಲ ಕಡೆಯೂ ಸಿಗುತ್ತದೆ. ಮಡಿಸುವ ಕೆಲಸದಲ್ಲಿ ಹಿಂದಿನ ಬೆಂಚಿನ ಮಗುವೂ ಮುಂದಿನ ಬೆಂಚಿನ ಮಗುವಿಗೆ ಸಮನಾಗುತ್ತದೆ. ಅಕ್ಷರದಲ್ಲಿ ಹಿಂದುಳಿದವರು ಕೈಚಳಕದಲ್ಲಿ ಮುಂದಿರುವುದು ಅಪರೂಪವೇನಲ್ಲ. ಕಾಗದದಲ್ಲಿ ಬಿದ್ದ ಮಡಿಕೆ ಬೆರಳಿಗೆ ತಾಕುವುದರಿಂದ, ಕಣ್ಣು ಕಾಣದ ಮಗುವೂ ತರಗತಿಯ ಜೊತೆ ಹೆಜ್ಜೆ ಹಾಕಬಲ್ಲದು. ಇಷ್ಟೆಲ್ಲ ಗುಣವಿರುವ ಸಾಧನವನ್ನು ಬೇಡವೆನ್ನುವುದು ಅವಿವೇಕ.

ಗೊಂದಲ ಹುಟ್ಟುವುದು "ಮಾಡು" ಎಂಬ ಕ್ರಿಯಾಪದದಲ್ಲಿ. ಕೈ ಮಾಡುವುದು ಒಂದು, ಮನಸ್ಸು ಮಾಡುವುದು ಇನ್ನೊಂದು. ಎರಡೂ ಏಕಕಾಲಕ್ಕೆ ನಡೆಯಬಹುದು, ಆದರೆ ಎರಡೂ ಒಂದೇ ವಸ್ತುವಿನ ಮೇಲೆ ನಡೆಯುತ್ತವೆ ಎಂಬ ಭರವಸೆಯಿಲ್ಲ. ಒಂದೇ ಹಾಳೆಯಿಂದ ಎಂಟು ಪುಟದ ಪುಸ್ತಿಕೆ ಮಾಡುವ ಪ್ರಸಿದ್ಧ ವಿಧಾನವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಾಳೆಯನ್ನು ಉದ್ದಕ್ಕೆ ಒಮ್ಮೆ ಮಡಿಸಿ ಬಿಚ್ಚಬೇಕು. ಅಡ್ಡಕ್ಕೆ ಎರಡು ಬಾರಿ ಮಡಿಸಿ ಬಿಚ್ಚಿದರೆ ಎಂಟು ಮನೆಗಳು ಮೂಡುತ್ತವೆ. ಅಡ್ಡಕ್ಕೆ ಅರ್ಧ ಮಡಿಸಿಕೊಂಡು, ಮಡಿಸಿದ ಅಂಚಿನಿಂದ ನಡುಗೆರೆಯ ಗುಂಟ ಒಂದು ಮನೆಯಷ್ಟು ದೂರ ಕತ್ತರಿಸಬೇಕು. ಕೊನೆಗೆ ಎರಡು ತುದಿಗಳನ್ನು ಒಳಕ್ಕೆ ತಳ್ಳಿದಾಗ ಕತ್ತರಿಸಿದ ಬಾಯಿ ತೆರೆದುಕೊಂಡು ಪುಟಗಳು ಒಂದರ ಮೇಲೊಂದು ಕೂರುತ್ತವೆ. ಈ ಹೊತ್ತಿನಲ್ಲಿ ಮಗುವಿನ ಮನಸ್ಸು ಅಂಚು ಕೂಡಿತೇ, ಕತ್ತರಿ ಎಲ್ಲಿ ನಿಲ್ಲಬೇಕು, ಪಕ್ಕದವನದು ಹೇಗೆ ಸರಿಬಂತು ಎಂಬುದರಲ್ಲಿ ಮುಳುಗಿರುತ್ತದೆ. ಅದು ಒಳ್ಳೆಯ ಮುಳುಗುವಿಕೆಯೇ, ಆದರೆ ಅದರಲ್ಲಿ ಹಲ್ಲಿಲ್ಲ, ಹುಳುಕಿಲ್ಲ, ಸಕ್ಕರೆಯಿಲ್ಲ. 40 ನಿಮಿಷದ ಅವಧಿಯ ಬಹುಪಾಲು ಹೀಗೆ ಕಳೆದ ಮೇಲೆ, ಉಳಿದ ಕೆಲವು ನಿಮಿಷಗಳಲ್ಲಿ ಮಗು ಹಲಗೆಯ ಮೇಲಿನ ಎಂಟು ವಾಕ್ಯಗಳನ್ನು ಎಂಟು ಪುಟಕ್ಕೆ ಇಳಿಸಿಕೊಳ್ಳುತ್ತದೆ. ಹಳೆಯ ಉಪದೇಶದ ಪಟ್ಟಿ ಈಗ ಮಡಿಕೆಯೊಳಗೆ ಕೂತಿದೆ, ಅಷ್ಟೆ. ಕಲಿಕೆಯ ಮನೋವಿಜ್ಞಾನಿ ರಿಚರ್ಡ್ ಮೇಯರ್ 2004ರ ಪ್ರಬಂಧವೊಂದರಲ್ಲಿ ಮೈಕೈಗಳ ಚಟುವಟಿಕೆಯನ್ನೂ ಬುದ್ಧಿಯ ಚಟುವಟಿಕೆಯನ್ನೂ ಬೇರ್ಪಡಿಸಿ, ಅರ್ಥಪೂರ್ಣ ಕಲಿಕೆ ಎರಡನೆಯದನ್ನು ಅವಲಂಬಿಸಿದೆಯೆಂದು ವಾದಿಸಿದ್ದು ಈ ತಪ್ಪನ್ನು ಕುರಿತೇ. ಅನುಭವವಾದಿ ಶಿಕ್ಷಣದ ಮೂಲಪುರುಷರಲ್ಲೊಬ್ಬನೆಂದು ಎಲ್ಲರೂ ಹೆಸರಿಸುವ ಜಾನ್ ಡ್ಯೂಯಿ ಕೂಡ 1938ರಲ್ಲಿಯೇ, ನಿಜವಾದ ಶಿಕ್ಷಣ ಅನುಭವದಿಂದ ಬರುತ್ತದೆಂಬ ಮಾತಿಗೆ ಎಲ್ಲ ಅನುಭವವೂ ಸಮಾನವಾಗಿ ಶಿಕ್ಷಣವೆಂಬ ಅರ್ಥವಿಲ್ಲವೆಂದು ಎಚ್ಚರಿಸಿದ್ದ.

ಕಾಗದ ಮಡಿಸುವುದಕ್ಕೆ ಶಿಕ್ಷಣದಲ್ಲಿ ಸ್ಥಾನ ಸಿಕ್ಕಿದ ಬಗೆಯನ್ನು ನೆನೆದರೆ ಗೊಂದಲದ ಬೇರು ಇನ್ನೂ ಚೆನ್ನಾಗಿ ಕಾಣುತ್ತದೆ. ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಫ್ರೀಡ್ರಿಶ್ ಫ್ರೋಬೆಲ್, ಮಕ್ಕಳ ಕೈಗೆ ಕೊಡುವ ವಸ್ತುಗಳಿಂದ ಮೂರು ಬಗೆಯ ರೂಪಗಳು ಹುಟ್ಟಬೇಕೆಂದು ಬಯಸಿದ್ದ: ಮನೆ, ದೋಣಿ ಮೊದಲಾದ ಬದುಕಿನ ರೂಪಗಳು; ಸಮಸಮವಾಗಿ ಅರಳುವ ಚೆಲುವಿನ ರೂಪಗಳು; ಮತ್ತು ಅಳತೆ, ಭಾಗ, ಸಂಬಂಧಗಳನ್ನು ಕಾಣಿಸುವ ಅರಿವಿನ ರೂಪಗಳು. ದೋಣಿ ಮತ್ತು ಹೂವು ಎಲ್ಲ ಶಾಲೆಗಳಿಗೂ ಹಬ್ಬಿದವು; ಅರಿವಿನ ರೂಪ ಹಿಂದುಳಿಯಿತು. ಅದನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಮದರಾಸು ಪ್ರಾಂತದ ಟಿ. ಸುಂದರ ರಾವ್ ಪ್ರಮುಖರು. ಕಿಂಡರ್‌ಗಾರ್ಟನ್ನಿನ ಕಾಗದ ಮಡಿಕೆಯೇ ತಮಗೆ ಪ್ರೇರಣೆಯೆಂದು ಹೇಳಿಕೊಂಡು ಅವರು 1893ರಲ್ಲಿ ಮದರಾಸಿನಿಂದ ಪ್ರಕಟಿಸಿದ ರೇಖಾಗಣಿತದ ಪುಸ್ತಕವು, ಕೈವಾರವಿಲ್ಲದೆ ಬರಿಯ ಮಡಿಕೆಗಳಿಂದ ಸಮಭುಜ ಆಕೃತಿಗಳನ್ನೂ ವಕ್ರರೇಖೆಗಳ ಬಿಂದುಗಳನ್ನೂ ಪಡೆಯುವ ಬಗೆಯನ್ನು ತೋರಿಸಿ, ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅವರ ಗಮನವನ್ನೂ ಸೆಳೆದು, 1901ರಲ್ಲಿ ಅಮೆರಿಕದಲ್ಲಿ ಮತ್ತೆ ಅಚ್ಚಾಯಿತು. ಅಲ್ಲಿ ಮಡಿಕೆ ಗಣಿತವನ್ನು ಅಲಂಕರಿಸಲಿಲ್ಲ. ಮಡಿಕೆ ಎಂದರೆ ಸರಳರೇಖೆ; ಮಡಿಕೆಯನ್ನು ಅದರ ಮೇಲೆಯೇ ಮಡಿಸಿದರೆ ಲಂಬಕೋನ. ಕೈ ಮಾಡಿದ್ದೂ ಮನಸ್ಸು ಯೋಚಿಸಿದ್ದೂ ಒಂದೇ ವಸ್ತುವಾಗಿತ್ತು. ರೇಖಾಗಣಿತಕ್ಕೂ ಕಾಗದಕ್ಕೂ ಇರುವ ಈ ಹುಟ್ಟುನಂಟು ಆರೋಗ್ಯಕ್ಕೂ ಕಾಗದಕ್ಕೂ ಇಲ್ಲ. ಗಣಿತದ ತರಗತಿಯಲ್ಲಿ ಗೆದ್ದ ಸಾಧನವನ್ನು ಆ ನಂಟು ಎಲ್ಲಿದೆಯೆಂದು ಹುಡುಕದೆಯೇ ಇನ್ನೊಂದು ವಿಷಯಕ್ಕೆ ಎತ್ತಿ ತಂದಿರುವುದೇ ಈಗಿನ ತಪ್ಪು.

ಹಾಗಾದರೆ ಪರೀಕ್ಷೆ ಯಾವುದು? ಯಾವುದೇ ಕಾಗದದ ಚಟುವಟಿಕೆಯಿಂದ ಮಡಿಕೆಯನ್ನು ತೆಗೆದುಬಿಟ್ಟು, ಹೇಳಬೇಕಾದ ಆರೋಗ್ಯದ ಸಂಗತಿಯನ್ನು ಮಟ್ಟಸವಾದ ಹಾಳೆಯ ಮೇಲೆ ಬರೆದಿಟ್ಟರೆ ಏನು ಕಳೆದುಹೋಗುತ್ತದೆ ಎಂದು ಕೇಳಬೇಕು. ಅಂದ ಮಾತ್ರ ಕಳೆದುಹೋದರೆ ಮಡಿಕೆ ಬರಿಯ ಡಬ್ಬಿ. ಸಂಗತಿಯ ತಿಳಿವೇ ಕುಂಟಿದರೆ ಮಡಿಕೆ ಕೆಲಸ ಮಾಡುತ್ತಿತ್ತೆಂದು ಅರ್ಥ. ಈ ಪರೀಕ್ಷೆಯಲ್ಲಿ ಹಲ್ಲಿನ ಪುಸ್ತಿಕೆಯೂ ಜೀವಸತ್ವದ ಮನೆಯೂ ನಿಲ್ಲುವುದಿಲ್ಲ. ನಿಲ್ಲುವ ಕೆಲವು ಬಗೆಗಳಿವೆ:

1. ದೇಹದಲ್ಲಿಯೋ ಆಹಾರದಲ್ಲಿಯೋ ನಡೆಯುವ ಕ್ರಿಯೆಯೇ ಮಡಿಕೆಯ ಸ್ವಭಾವದ್ದಾಗಿರುವಾಗ.

2. ಮಡಿಕೆಯಿಂದ ಹುಟ್ಟಿದ ವಸ್ತು ಆರೋಗ್ಯವನ್ನು ನೋಡುವ ಅಥವಾ ಅಳೆಯುವ ಉಪಕರಣವೇ ಆಗಿರುವಾಗ.

3. ಮುಚ್ಚಿಡುವುದು ಎಂಬ ಮಡಿಕೆಯ ಅತಿ ಸರಳ ಗುಣವೇ ಪಾಠಕ್ಕೆ ಬೇಕಾಗಿರುವಾಗ.

ಮೊದಲನೆಯ ಬಗೆಗೆ ಕನ್ನಡ ಭಾಷೆಯೇ ದಾರಿ ತೋರಿಸುತ್ತದೆ. ಇಮ್ಮಡಿ, ಮುಮ್ಮಡಿ, ನೂರ್ಮಡಿ ಎಂಬ ಮಾತುಗಳಲ್ಲಿರುವ "ಮಡಿ"ಗೆ ಪಟ್ಟು ಎಂಬ ಅರ್ಥವೂ ಇದೆ, ಮಡಿಸುವುದೂ ಅದೇ ಧ್ವನಿಯ ಪದ. ಇಮ್ಮಡಿ ಪುಲಕೇಶಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಎಂಬಲ್ಲಿ ಅದು ಎರಡನೆಯ, ನಾಲ್ಕನೆಯ ಎಂಬ ಎಣಿಕೆಯಾಗಿ ನಿಂತಿದ್ದರೂ, ಲೆಕ್ಕದ ಮಾತಿನಲ್ಲಿ ಇಮ್ಮಡಿಯೆಂದರೆ ಎರಡು ಪಟ್ಟೇ. ಹಾಳೆಯನ್ನು ಅರ್ಧಕ್ಕೆ ಒಮ್ಮೆ ಮಡಿಸಿದರೆ ಎರಡು ಪದರ, ಮತ್ತೊಮ್ಮೆ ಮಡಿಸಿದರೆ ನಾಲ್ಕು, ಮತ್ತೆ ಎಂಟು. ಅನುಕೂಲವಾದ ಬಿಸುಪಿನಲ್ಲಿ, ಸಾಕಷ್ಟು ಆಹಾರವಿರುವಾಗ, ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಹಾಗಾಗಿ ಪ್ರತಿ ಮಡಿಕೆಯನ್ನೂ 20 ನಿಮಿಷವೆಂದು ಎಣಿಸಿದರೆ, ಮಗು ಆರನೆಯ ಮಡಿಕೆಗೆ ಬರುವಷ್ಟರಲ್ಲಿ ಎರಡು ಗಂಟೆ ಕಳೆದು, ಒಂದಿದ್ದದ್ದು 64 ಆಗಿರುತ್ತದೆ. ಆ ಹೊತ್ತಿಗೆ ಹಾಳೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ, ಮರದ ತುಂಡಿನ ಹಾಗೆ ಸೆಟೆದು ನಿಂತಿರುತ್ತದೆ; ಏಳನೆಯ ಮಡಿಕೆಗೆ ಎರಡು ಕೈ ಸಾಲದೆ ಮಗು ಅದನ್ನು ಬೆಂಚಿನ ಮೇಲಿಟ್ಟು ಅಂಗೈಯಿಂದ ಒತ್ತುತ್ತದೆ. ಕಾಗದ ಸೋತ ಈ ಜಾಗದಲ್ಲಿಯೇ ಪಾಠ ಶುರುವಾಗುತ್ತದೆ. ಬ್ಯಾಕ್ಟೀರಿಯಾ ಇಲ್ಲಿ ನಿಲ್ಲುವುದಿಲ್ಲ. ಲೆಕ್ಕವನ್ನು ಹಲಗೆಯ ಮೇಲೆ ಮುಂದುವರಿಸಿದರೆ 12ನೆಯ ಮಡಿಕೆಗೆ, ಅಂದರೆ ನಾಲ್ಕು ಗಂಟೆಗೆ, 4,096. 24ನೆಯದಕ್ಕೆ, ಅಂದರೆ ಎಂಟು ಗಂಟೆಗೆ, ಒಂದು ಕೋಟಿ 67 ಲಕ್ಷ ಮೀರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದ ಬ್ರಿಟ್ನಿ ಗ್ಯಾಲಿವನ್ ಎಂಬ ಶಾಲಾ ವಿದ್ಯಾರ್ಥಿನಿ 2002ರಲ್ಲಿ ಕಾಗದವನ್ನು 12 ಬಾರಿ ಅರ್ಧಕ್ಕೆ ಮಡಿಸಿ ತೋರಿಸಲು ಒಂದು ಕಿಲೋಮೀಟರಿಗೂ ಉದ್ದದ ಕಾಗದದ ಸುರುಳಿ ಬೇಕಾಯಿತು. ಬೆಳಗಿನ ಹೊತ್ತು ಬೇಯಿಸಿ ಮುಚ್ಚಿಟ್ಟ ಬೆಚ್ಚಗಿನ ಸಾರಿಗೆ ಅದೇ ಏರಿಕೆಗೆ ಒಂದು ಮಧ್ಯಾಹ್ನ ಸಾಕು.

ಇಲ್ಲಿ ಮಡಿಕೆಯನ್ನು ತೆಗೆದರೆ ಸಂಗತಿ ಕುಂಟುತ್ತದೆ, ಏಕೆಂದರೆ ಇಮ್ಮಡಿಯ ಏರಿಕೆಯನ್ನು ಅಂಕಿಯಲ್ಲಿ ಓದಿದಾಗ ಬಾರದ ಬೆರಗು ಬೆರಳಿಗೆ ಎದುರಾಗುವ ಬಿಗಿತದಲ್ಲಿ ಬರುತ್ತದೆ. ಆದರೂ ಹೋಲಿಕೆ ಎಲ್ಲಿ ಮುರಿಯುತ್ತದೆಂದು ಹೇಳದ ಶಿಕ್ಷಕರು ಅರ್ಧ ಪಾಠ ಮಾಡಿದಂತೆ. ಕಾಗದ ನಿಲ್ಲುವುದು ದಪ್ಪದಿಂದ. ಬ್ಯಾಕ್ಟೀರಿಯಾ ನಿಲ್ಲುವುದು ಆಹಾರ ಮುಗಿದಾಗ ಅಥವಾ ತನ್ನದೇ ಹೊಲಸು ತುಂಬಿದಾಗ. ಇಮ್ಮಡಿಯಾಗುವುದೆಲ್ಲ ಕೇಡೆಂದೂ ಮಗು ತಿಳಿಯಬಾರದು. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಬಿದ್ದ ಒಂದು ಚಮಚ ಹೆಪ್ಪು ಬೆಳಗಾಗುವಷ್ಟರಲ್ಲಿ ಪಾತ್ರೆಯನ್ನೆಲ್ಲ ಮೊಸರಾಗಿಸುವುದೂ ಇದೇ ಲೆಕ್ಕದಿಂದ. ಉಳಿದ ಅನ್ನವನ್ನು ಮತ್ತೆ ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಮನೆಮಾತನ್ನೂ ಈ ಜಾಗದಲ್ಲಿಯೇ ಎದುರಿಸಬೇಕು: ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪಗಳು, ಮೊದಲ ಬೇಯಿಸುವಿಕೆಯಲ್ಲಿ ಸಾಯದೆ ಉಳಿಯಬಲ್ಲವು, ಅದು ಬೆಳೆದು ಉಗುಳುವ ವಾಂತಿಕಾರಕ ವಿಷವು ಮತ್ತೆ ಕಾಯಿಸಿದರೂ ನಾಶವಾಗದು. ಈ ಮಾತನ್ನು ಯಾವ ಮಡಿಕೆಯೂ ಹೇಳಲಾರದು, ಶಿಕ್ಷಕರೇ ಹೇಳಬೇಕು. ಒಳ್ಳೆಯ ಚಟುವಟಿಕೆ ಪ್ರಶ್ನೆಯನ್ನು ಮಗುವಿನ ಕೈಗೆ ತಲುಪಿಸುತ್ತದೆ, ಉತ್ತರದ ಹೊಣೆಯಿಂದ ದೊಡ್ಡವರನ್ನು ಬಿಡಿಸುವುದಿಲ್ಲ.

ಇದೇ ಬಗೆಯ ಇನ್ನೊಂದು ಉದಾಹರಣೆ ಸಣ್ಣಕರುಳು. ಅದರ ಒಳಗೋಡೆ ನೆರಿಗೆ ನೆರಿಗೆಯಾಗಿದ್ದು, ನೆರಿಗೆಗಳ ಮೇಲೆ ವಿಲ್ಲೈ ಎಂಬ ಬೆರಳಿನಂಥ ಚಾಚಿಕೆಗಳೂ, ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಚಾಚಿಕೆಗಳೂ ಇವೆ. ಅದನ್ನು ಬಿಡಿಸಿ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು; 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು, ಅದು ಸುಮಾರು 30 ಚದರ ಮೀಟರ್ ಎಂದು ತಿದ್ದಿದರು. ಈ ತಿದ್ದುಪಡಿಯಿಂದ ಶಾಲೆಗೆ ಲಾಭವೇ ಆಗಿದೆ. 16 ಎ4 ಹಾಳೆಗಳು ಒಂದು ಚದರ ಮೀಟರ್ ಆಗುವುದರಿಂದ 30 ಚದರ ಮೀಟರಿಗೆ 480 ಹಾಳೆ, ಹೆಚ್ಚುಕಡಿಮೆ ಒಂದು ರೀಮು. ರೀಮು ಬಿಚ್ಚಿ ಹಾಸಿದರೆ ಸಾಧಾರಣ ತರಗತಿಯ ನೆಲದ ಬಹುಪಾಲು ಮುಚ್ಚುತ್ತದೆ; ಅಷ್ಟೂ ವಿಸ್ತಾರ ಹೊಟ್ಟೆಯೊಳಗೆ ಮಡಿಸಿಕೊಂಡಿದೆ. ಆದರೆ ಇಲ್ಲಿ ಮಕ್ಕಳು ಬಹಳ ಸುಲಭವಾಗಿ ಒಂದು ತಪ್ಪನ್ನು ಕಲಿತುಬಿಡುತ್ತಾರೆ: ಮಡಿಸಿದರೆ ಕಾಗದ ದೊಡ್ಡದಾಗುತ್ತದೆ ಎಂದು. ಕಾಗದದ ವಿಸ್ತಾರ ಎಳ್ಳಷ್ಟೂ ಹೆಚ್ಚುವುದಿಲ್ಲ. ಅಷ್ಟೇ ಜಾಗದಲ್ಲಿ ಹೆಚ್ಚು ಕಾಗದ ಹಿಡಿಸುತ್ತದೆ. ಆದ್ದರಿಂದ ಚಟುವಟಿಕೆ ಜಾಗದಿಂದ ಶುರುವಾಗಬೇಕು. ಒಂದು ಗೇಣಿಗೂ ಕಡಿಮೆ ಉದ್ದದ ರಟ್ಟಿನ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ಎತ್ತರದ 15 ನೆರಿಗೆ ನಿಲ್ಲಿಸಿದರೆ ಎ4 ಹಾಳೆಯ ಉದ್ದದ ಪಟ್ಟಿ, ಅಂದರೆ ಸುಮಾರು 30 ಸೆಂಟಿಮೀಟರ್, ಪೂರ್ತಿ ಹಿಡಿಸುತ್ತದೆ. ನೆರಿಗೆಯ ಎತ್ತರವನ್ನು ಅರ್ಧಕ್ಕಿಳಿಸಿದರೆ ಅವೇ 15 ನೆರಿಗೆಗಳಿಗೆ 15 ಸೆಂಟಿಮೀಟರ್ ಪಟ್ಟಿ ಸಾಕಾಗಿ, ಉಳಿದರ್ಧ ಹೊರಗೆ ಬಿದ್ದಿರುತ್ತದೆ. ಕೊಳಕು ನೀರಿನಿಂದ, ಬಯಲು ಶೌಚದ ಪರಿಸರದಿಂದ ಮತ್ತೆ ಮತ್ತೆ ಸೋಂಕಿಗೆ ಒಳಗಾಗುವ ಮಕ್ಕಳ ಕರುಳಿನಲ್ಲಿ ವಿಲ್ಲೈಗಳು ಗಿಡ್ಡವಾಗುವುದನ್ನು ವೈದ್ಯರು ಗುರುತಿಸಿದ್ದಾರೆ. ತಟ್ಟೆಯಲ್ಲಿ ಮೊಟ್ಟೆ, ಹಾಲು, ಬೇಳೆ ಎಲ್ಲ ಇದ್ದೂ ಮೈಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣ. ಶೌಚಾಲಯದ ಪಾಠವೂ ಬಿಸಿಯೂಟದ ಪಾಠವೂ ಎರಡಲ್ಲ ಎಂಬ ಮಾತನ್ನು, ತಟ್ಟೆಯ ಹೊರಗೆ ಬಿದ್ದ ಆ ಅರ್ಧ ಪಟ್ಟಿ ಯಾವ ಘೋಷಣೆಗಿಂತಲೂ ಚೆನ್ನಾಗಿ ಹೇಳುತ್ತದೆ.

ಎರಡನೆಯ ಬಗೆ ಉಪಕರಣದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಫೋಲ್ಡ್‌ಸ್ಕೋಪ್ ಇದರ ಶ್ರೇಷ್ಠ ಮಾದರಿ. ಒಂದು ಹಾಳೆಯಿಂದ ಬಿಡಿಸಿಕೊಂಡ ತುಂಡುಗಳನ್ನು ಮಡಿಸಿ ಜೋಡಿಸಿದರೆ ಬಿಡಿಭಾಗಗಳ ಲೆಕ್ಕದಲ್ಲಿ ಒಂದು ಡಾಲರಿಗೂ ಕಡಿಮೆ ಬೆಲೆಯ ಸೂಕ್ಷ್ಮದರ್ಶಕ ಸಿದ್ಧವಾಗುತ್ತದೆ. ಮಸೂರ, ನೋಡಬೇಕಾದ ವಸ್ತು, ಬೆಳಕು ಮೂರೂ ಒಂದೇ ಗೆರೆಯಲ್ಲಿ ನಿಲ್ಲುವಂತೆ ಮಾಡುವ ಕೆಲಸ ಅಲ್ಲಿ ಮಡಿಕೆಯದೇ, ಆದ್ದರಿಂದ ಅದು ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಆದರೆ ಉಗುರಿನ ಕೊಳೆಯಲ್ಲಿ ರೋಗಾಣು ನೋಡೋಣ ಎಂದು ಮಕ್ಕಳಿಗೆ ಆಸೆ ಹುಟ್ಟಿಸುವುದು ಸರಿಯಲ್ಲ. ಶಾಲೆಗಳಲ್ಲಿ ಬಳಕೆಯಲ್ಲಿರುವ 140 ಪಟ್ಟು ಹಿಗ್ಗಿಸುವ ಮಾದರಿಯಲ್ಲಿ ಬ್ಯಾಕ್ಟೀರಿಯಾ ಸ್ಪಷ್ಟವಾಗಿ ಕಾಣುವುದಿಲ್ಲ. ಈರುಳ್ಳಿಯ ಪೊರೆ, ಕೆರೆಯ ನೀರಿನ ಜೀವಿಗಳು, ಸಿದ್ಧ ಸ್ಲೈಡಿನಲ್ಲಿ ಜಂತುಹುಳದ ಮೊಟ್ಟೆ ಕಾಣುತ್ತವೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು ಆಲ್ಬೆಂಡಜೋಲ್ ಮಾತ್ರೆಯನ್ನು ಯಾಕೆ ತೆಗೆದುಕೊಳ್ಳಬೇಕೆಂದು ಕೇಳುವ ಮಗುವಿಗೆ ಆ ಮೊಟ್ಟೆಯ ದರ್ಶನವೊಂದೇ ಸಾಕು.

ಅಳತೆಯ ಉದಾಹರಣೆಯಾಗಿ ಉಪ್ಪಿನ ಪೊಟ್ಟಣವನ್ನು ಹೇಳುವುದುಂಟು. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟನ್ನು ಪೊಟ್ಟಣ ಕಟ್ಟಿ, ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದು ಕಿಲೋ ಉಪ್ಪು ಬಂದರೆ ತಲೆಗೆ ದಿನಕ್ಕೆ 8 ಗ್ರಾಮಿಗೂ ಹೆಚ್ಚು ಬಿತ್ತೆಂದು ಮಕ್ಕಳೇ ಲೆಕ್ಕ ಹಾಕಬಹುದು. ಲೆಕ್ಕ ಬಹಳ ಒಳ್ಳೆಯದು, ಆದರೆ ಪೊಟ್ಟಣದ ಮಡಿಕೆ ಇಲ್ಲದಿದ್ದರೂ ಒಂದು ಚಮಚ ಆ ಕೆಲಸ ಮಾಡುತ್ತಿತ್ತು. ಅದನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಸುವುದಂತೂ ಪಾಠಕ್ಕೆ ವಿರುದ್ಧ. ಅಚ್ಚಿನ ಶಾಯಿಯ ಕಾರಣಕ್ಕೆ ಆಹಾರವನ್ನು ಪತ್ರಿಕೆಯಲ್ಲಿ ಸುತ್ತಬಾರದೆಂದು 2018ರ ಆಹಾರ ಸುರಕ್ಷತೆಯ ಪ್ಯಾಕೇಜಿಂಗ್ ನಿಯಮಗಳೇ ನಿಷೇಧಿಸಿವೆ.

ಈಗ ಆಕ್ಷೇಪಗಳಿಗೆ ಬರಬೇಕು. ಮೊದಲನೆಯದು ಸಂತೋಷದ ಆಕ್ಷೇಪ: ಮಡಿಕೆ ಏನನ್ನೂ ಕಲಿಸದಿದ್ದರೂ ಮಕ್ಕಳು ನಲಿಯುತ್ತಾರಲ್ಲ, ಅದು ಸಾಲದೇ? ಸಾಕು, ಮತ್ತು ಅದಕ್ಕೆ ಆಟದ ಅವಧಿಯಲ್ಲಿ ಸಮಯ ಕೊಡಬೇಕು. ಕಾಗದದ ದೋಣಿಗೆ ಆರೋಗ್ಯದ ನೆಪ ಬೇಕಿಲ್ಲ. ವಾರದಲ್ಲಿ ಒಂದೇ ಅವಧಿ ಇರುವ ವಿಷಯದಿಂದ ಆ ಸಮಯವನ್ನು ಕಿತ್ತುಕೊಂಡು, ಕೊನೆಗೆ ವಿಷಯ ಕಲಿಸಲಾಯಿತೆಂದು ದಾಖಲೆಯಲ್ಲಿ ಬರೆಯುವುದಕ್ಕೆ ಮಾತ್ರ ತಕರಾರು. ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು: ಆರೋಗ್ಯದಲ್ಲಿ ತಿಳಿವಿಗಿಂತ ರೂಢಿ ಮುಖ್ಯ, ಕೈಗೆಲಸ ರೂಢಿಗೆ ಹತ್ತಿರ. ಮೊದಲ ಅರ್ಧ ನಿಜ. ಆದರೆ ರೂಢಿ ಬೀಳುವುದು ಆ ಕೆಲಸವನ್ನೇ ಮಾಡುವುದರಿಂದ, ಅದರ ಚಿತ್ರವನ್ನು ಮಡಿಸುವುದರಿಂದಲ್ಲ. ಕೈ ತೊಳೆಯುವ ಆರು ಹಂತಗಳ ಬೀಸಣಿಗೆಯನ್ನು ಗೋಡೆಗೆ ತೂಗುಹಾಕಿದ ಶಾಲೆಯ ನಲ್ಲಿಯಲ್ಲಿ ನೀರಿಲ್ಲದಿದ್ದರೆ, ಮಕ್ಕಳು ಆ ಬೀಸಣಿಗೆಯಿಂದ ಕಲಿಯುವುದು ಗೋಡೆಯ ಮೇಲಿನ ಮಾತಿಗೂ ನೆಲದ ಮೇಲಿನ ಬದುಕಿಗೂ ಸಂಬಂಧವಿಲ್ಲ ಎಂಬುದನ್ನೇ. ಅಂಥ ಕಡೆ ಆ ಅವಧಿಯನ್ನು ಒಂದು ಬಕೆಟ್, ಒಂದು ಚೊಂಬು, ಒಂದು ಸೋಪಿನ ತುಂಡಿನೊಂದಿಗೆ ಸರದಿಯಲ್ಲಿ ನಿಂತು ಕಳೆಯುವುದು ಎಷ್ಟೋ ಮೇಲು. ಮೂರನೆಯ ಆಕ್ಷೇಪ ಪುಸ್ತಿಕೆಯ ಪರವಾಗಿ ಬರುತ್ತದೆ: ಅದು ಮನೆಗೆ ಹೋಗುತ್ತದೆ, ತಾಯಿ ತಂದೆ ನೋಡುತ್ತಾರೆ. ಇದನ್ನು ಒಪ್ಪಬೇಕು, ಒಂದು ಷರತ್ತಿನೊಡನೆ. ಡಬ್ಬಿಯ ಬೆಲೆ ಒಳಗಿರುವುದರ ಮೇಲೆ. ಹಲಗೆಯಿಂದ ಇಳಿಸಿಕೊಂಡ ವಾಕ್ಯಗಳ ಬದಲು, ಏಳು ದಿನ ತಾನು ತಿಂದ ಊಟವನ್ನು ಏಳು ಪುಟದಲ್ಲಿ ಬರೆದು ಎಂಟನೆಯದರಲ್ಲಿ ಸೊಪ್ಪು ತಿಂದ ದಿನಗಳೆಷ್ಟೆಂದು ಎಣಿಸಿದ ಪುಸ್ತಿಕೆ ಮನೆಗೆ ಹೋದರೆ, ಅಡುಗೆಮನೆಯಲ್ಲಿ ಮಾತು ಹುಟ್ಟುವ ಸಾಧ್ಯತೆ ಇದೆ.

ಮನಸ್ಸಿನ ಕ್ಷೇಮದ ಹೆಸರಿನಲ್ಲಿ ಮಡಿಸುವ ಕೊಕ್ಕರೆಯನ್ನು ಹೆಚ್ಚು ಎಚ್ಚರದಿಂದ ತೂಗಬೇಕು. ಹಿರೋಷಿಮಾದ ಅಣುಬಾಂಬಿನ ಹೊತ್ತಿಗೆ ಎರಡು ವರ್ಷದ ಕೂಸಾಗಿದ್ದ ಸದಾಕೊ ಸಸಾಕಿ ರಕ್ತದ ಕ್ಯಾನ್ಸರಿನಿಂದ ನರಳುತ್ತ ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆಗಳನ್ನು ಮಡಿಸಿ 1955ರ ಅಕ್ಟೋಬರಿನಲ್ಲಿ, 12ರ ಹರೆಯದಲ್ಲಿ ತೀರಿಕೊಂಡ ಕಥೆಯನ್ನು ಲೋಕವೆಲ್ಲ ಬಲ್ಲದು. ಆ ಕೊಕ್ಕರೆಗಳು ಅವಳನ್ನು ಗುಣಪಡಿಸಲಿಲ್ಲ. ಅವಳ ಸಹಪಾಠಿಗಳು ಒಟ್ಟಾಗಿ ಹಣ ಕೂಡಿಸಲು ಹೊರಟು, ಅದರಿಂದ 1958ರಲ್ಲಿ ಮಕ್ಕಳ ಶಾಂತಿ ಸ್ಮಾರಕ ಎದ್ದು ನಿಂತಿತು. ದುಃಖವನ್ನು ಹಂಚಿಕೊಂಡ ಮಕ್ಕಳ ಆ ಒಡನಾಟ ಮಡಿಕೆಗಿಂತ ದೊಡ್ಡದಾಗಿತ್ತು. ಗಮನವಿಟ್ಟು ಮಡಿಸುವಾಗ ಉಸಿರು ನಿಧಾನವಾಗುವುದು, ತಳಮಳ ಸ್ವಲ್ಪ ಹೊತ್ತು ಇಳಿಯುವುದು ಎಷ್ಟೋ ಮಕ್ಕಳ ಅನುಭವವಿರಬಹುದು. ಕಷ್ಟದ ಮಾತು ಶುರುಮಾಡುವ ಮುಂಚಿನ ಹತ್ತು ನಿಮಿಷಕ್ಕೆ ಅದು ಒಳ್ಳೆಯ ಸಿದ್ಧತೆ. ಆದರೆ ಮನೆಯಲ್ಲಿ ಕುಡಿದು ಬರುವ ತಂದೆಯ ಏಟಿಗೆ ಹೆದರಿ ನಿದ್ದೆಗೆಟ್ಟ ಮಗುವಿಗೆ ನೆಮ್ಮದಿಯ ಅಭ್ಯಾಸವನ್ನಷ್ಟೇ ಕೊಟ್ಟು ಕಳಿಸುವುದು, ತೊಂದರೆ ನಿನ್ನ ಮನಸ್ಸಿನಲ್ಲಿದೆ ಎಂದು ಹೇಳಿದಂತೆಯೇ. ಆ ಮಗುವಿಗೆ ಬೇಕಾದದ್ದು ಕೇಳುವ ಒಬ್ಬ ದೊಡ್ಡ ಮನುಷ್ಯ.

ಮೂರನೆಯ ಬಗೆಯ ಮಡಿಕೆ ಕೆಲಸಕ್ಕೆ ಬರುವುದು ಇಲ್ಲಿ. ಕಾಗದದ ಮಡಿಕೆಗಳಲ್ಲೆಲ್ಲ ಅತ್ಯಂತ ಸಾದಾ ಮಡಿಕೆ ಚೀಟಿಯದು. ಅದರ ಗುಣ ಒಂದೇ: ಬರೆದವರ ಮತ್ತು ಓದುವವರ ನಡುವಿನ ಮಾತನ್ನು ಪಕ್ಕದವರ ಕಣ್ಣಿನಿಂದ ಮರೆಮಾಡುವುದು. ಮುಟ್ಟು, ಹರೆಯದ ಬದಲಾವಣೆ, ಭಯ, ಚಟ ಇವುಗಳ ಬಗ್ಗೆ ಬಾಯಿಬಿಟ್ಟು ಕೇಳಲಾರದ ಮಕ್ಕಳಿಗೆ ಬೇಕಾದದ್ದೂ ಅದೇ. ಆದರೆ ಈ ಸಾದಾ ಮಡಿಕೆಗೆ ಕೊಕ್ಕರೆಗಿಂತ ಹೆಚ್ಚಿನ ಶಿಸ್ತು ಬೇಕು. ಪ್ರಶ್ನೆ ಇದ್ದವರು ಮಾತ್ರ ಚೀಟಿ ಹಾಕಬೇಕೆಂದರೆ ಎದ್ದು ಹೋದವರನ್ನೆಲ್ಲ ತರಗತಿ ಗುರುತಿಸುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಅಳತೆಯ ಬಿಳಿ ತುಂಡು, ಎಲ್ಲರೂ ಒಂದೇ ಬಗೆಯಲ್ಲಿ ನಾಲ್ಕು ಮಡಿಕೆ, ಪ್ರಶ್ನೆ ಇಲ್ಲದವರು ತಾವು ಬೆಳಿಗ್ಗೆ ತಿಂದ ತಿಂಡಿಯ ಹೆಸರು ಬರೆದು ಮಡಿಸಿ ಹಾಕಬೇಕು, ಇಲ್ಲವಾದರೆ ಪೆನ್ನು ಆಡುತ್ತಿರುವ ಕೈಗಳೇ ಗುಟ್ಟನ್ನು ಬಿಟ್ಟುಕೊಡುತ್ತವೆ. ಚೀಟಿಗಳನ್ನು ತರಗತಿಯಲ್ಲಿ ಬಿಚ್ಚಬಾರದು. ಅಕ್ಷರ ಗುರುತಿಸಿ ಇದು ಯಾರದೆಂದು ಶಿಕ್ಷಕರ ಕೊಠಡಿಯಲ್ಲಿ ಚರ್ಚಿಸಬಾರದು. ಉತ್ತರಗಳನ್ನು ಮುಂದಿನ ವಾರ ಯಾರ ಪ್ರಶ್ನೆಯೆಂದು ತಿಳಿಯದ ಹಾಗೆ ಕಲಸಿ ಹೇಳಬೇಕು, ಉತ್ತರ ತಿಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಬರಬೇಕು. ತರಬೇತಿಯ ಒಂದು ದಿನವನ್ನು ಹೊಸ ಆಕೃತಿಗಳ ಮಡಿಕೆ ಕಲಿಸುವುದಕ್ಕೆ ಕಳೆಯುವ ಬದಲು, ಇಂಥ ಚೀಟಿಗಳಲ್ಲಿ ಬರಬಹುದಾದ ಪ್ರಶ್ನೆಗಳಿಗೆ ಉತ್ತರ ಹೇಳುವ ಅಭ್ಯಾಸಕ್ಕೆ ಕೊಟ್ಟರೆ ಶಿಕ್ಷಕರಿಗೂ ಹಿತ.

ಈ ಮಡಿಕೆಗೂ ಒಂದು ಮಿತಿಯಿದೆ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಚೀಟಿಯಲ್ಲಿ ಬಂದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕು ಶಿಕ್ಷಕರಿಗಿಲ್ಲ. ಹೆಸರಿಲ್ಲದ ಚೀಟಿಯ ಹಿಂದಿರುವ ಮಗುವನ್ನು ತಲುಪುವ ದಾರಿಯೂ ಸುಲಭವಲ್ಲ. ಆದ್ದರಿಂದ ಚೀಟಿ ಹಂಚುವ ಮುಂಚೆಯೇ ಶಿಕ್ಷಕಿ ಎರಡು ಮಾತನ್ನು ಸರಳವಾಗಿ ಹೇಳಿಬಿಡಬೇಕು: ಯಾರಿಗಾದರೂ ಪೆಟ್ಟು, ಅಪಾಯ ಆಗುತ್ತಿದ್ದರೆ ಆ ವಿಷಯವನ್ನು ನಾನೊಬ್ಬಳೇ ಇಟ್ಟುಕೊಳ್ಳುವುದಿಲ್ಲ, ಸಹಾಯ ಮಾಡಬಲ್ಲವರಿಗೆ ತಿಳಿಸುತ್ತೇನೆ; ಚೀಟಿಯಲ್ಲಿ ಬರೆಯಲಾಗದ್ದನ್ನು ಹೇಳಲು ಮಕ್ಕಳ ಸಹಾಯವಾಣಿ 1098 ಇದೆ, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್‌ನ 14416 ಇದೆ. ಆ ಎರಡು ಸಂಖ್ಯೆಗಳನ್ನು ಪ್ರತಿ ಮಗುವೂ ಬೇರೊಂದು ತುಂಡು ಕಾಗದದ ಮೇಲೆ ಬರೆದುಕೊಂಡು, ನಾಲ್ಕು ಮಡಿಕೆ ಮಡಿಸಿ, ಕಂಪಾಸ್ ಪೆಟ್ಟಿಗೆಯೊಳಗೆ ಇಟ್ಟುಕೊಂಡ ಮೇಲೆ ಚೀಟಿಗಳನ್ನು ಹಂಚಬಹುದು.